ದೇವರಾಯನದುರ್ಗ ಹತ್ತುವಾಗ ಓಮ್ನಿಯಲ್ಲಿ ಕಿಣಿಕಿಣಿ: ಟ್ಯಾಪೆಟ್ಟಾ, ನಾಕಿಂಗಾ?

ತೋಟದ ಓಮ್ನಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ ಓಮ್ನಿ, ಕಾರ್ಬುರೇಟರ್ ಗಾಡಿ. ಅಪ್ಪ ಹೊಸದಾಗಿ ತಗೊಂಡಿದ್ದು. ಗುಬ್ಬಿ ಹತ್ತಿರದ ತೋಟದಿಂದ ತೆಂಗಿನಕಾಯಿ, ಮದುವೆಗೆ ನೆಂಟರು, ಹಬ್ಬಕ್ಕೆ ಬಾಳೆಕಂದು, ಎಲ್ಲಾ ಹೊತ್ತು ತಂದಿರುವುದು ಇದೇ. ಈಗ ಓಡಿಸುವುದು ನಾನು.

ಮೂರು ತಿಂಗಳಿಂದ ಒಂದು ಶಬ್ದ. ಕೂತ ಸೀಟಿನ ಕೆಳಗಿಂದಲೇ ಬರುತ್ತದೆ. ತಗಡಿನ ಡಬ್ಬದಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ ಕಿಣಿಕಿಣಿ. ಊರೊಳಗೆ ನಾನು ಒಬ್ಬಳೇ ಹೋದರೆ ಇಲ್ಲ. ನಾಲ್ಕು ಜನ ಕೂತು ದೇವರಾಯನದುರ್ಗದ ಏರು ಹತ್ತಿದರೆ ಮೂರನೇ ಗೇರ್‌ನಲ್ಲಿ ಶುರು. ಎಕ್ಸಲರೇಟರ್ ಬಿಟ್ಟ ತಕ್ಷಣ ನಿಲ್ಲುತ್ತದೆ. ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಜಾಸ್ತಿ. ಇನ್ನೊಂದು ವಿಷಯ, ಕೀ ಆಫ್ ಮಾಡಿದ ಮೇಲೂ ಇಂಜಿನ್ ಎರಡು ಮೂರು ಸಲ ಕೊಸರಾಡಿ ಆಮೇಲೆ ನಿಲ್ಲುತ್ತದೆ.

ಒಂದು ಗ್ಯಾರೇಜಿನಲ್ಲಿ ಎರಡು ಸಲ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ಸೆಟ್ ಮಾಡಿದರು. ಪ್ಲಗ್ ಬದಲಾಯಿಸಿದರು. ದಪ್ಪ ಆಯಿಲ್ ಹಾಕಿದರು. ಎಲ್ಲಾ ಸೇರಿ 3,400 ರೂಪಾಯಿ ಆಯಿತು, ಶಬ್ದ ಹಾಗೇ ಇದೆ. ಈಗ "ಇಂಜಿನ್ ಬಿಚ್ಚಬೇಕು, 28 ಸಾವಿರ ಆಗುತ್ತೆ" ಎನ್ನುತ್ತಿದ್ದಾರೆ. ಬಿಚ್ಚಿಸಲಾ?

ಬಟವಾಡಿ ಬಾಯ್

28 ಸಾವಿರ ಹಾಕೋ ಬದಲು ಗಾಡಿ ಮಾರಿಬಿಡಿ ಸರ್.

ತೋಟದ ಓಮ್ನಿ

"ಒಬ್ಬಳೇ" ಅಂತ ಬರೆದಿದ್ದೇನೆ. ಸರ್ ಅಲ್ಲ. ಮಾರುವುದೂ ಇಲ್ಲ.

ಕ್ಯಾತ್ಸಂದ್ರದವ

ಮೇಡಂ, ಸದ್ಯಕ್ಕೆ ಯಾರಿಗೂ ಇಂಜಿನ್ ಬಿಚ್ಚಲು ಕೊಡಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ.

ಟ್ಯಾಪೆಟ್ ಶಬ್ದ ಆಗಿದ್ದರೆ ಗಾಡಿ ನಿಂತಲ್ಲೇ ಕೇಳಬೇಕು. ಮನೆ ಮುಂದೆ ಸ್ಟಾರ್ಟ್ ಮಾಡಿದರೂ ಟಿಕ್ ಟಿಕ್ ಅನ್ನಬೇಕು, ರೇಸ್ ಮಾಡಿದಷ್ಟೂ ಬೇಗ ಬೇಗ ಬಡಿಯಬೇಕು. ಅದಕ್ಕೆ ಏರು ಬೇಕಿಲ್ಲ, ನಾಲ್ಕು ಜನ ಬೇಕಿಲ್ಲ. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯದು) ಹೋಗಿದ್ದರೆ ಶಬ್ದ ಇಷ್ಟು ಸಣ್ಣಗಿರುವುದಿಲ್ಲ, ಒನಕೆ ಕುಟ್ಟಿದ ಹಾಗೆ ದಪ್ಪಗೆ ಬರುತ್ತದೆ. ಆಯಿಲ್ ಪ್ರೆಶರ್ ಲೈಟ್ ಕೂಡ ಮಿಣುಕಬಹುದು. ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರ ಗ್ಯಾಸ್ಕೆಟ್ ಲೀಕ್ ಇದ್ದರೆ ಬೆಳಿಗ್ಗೆ ತಣ್ಣಗಿರುವಾಗ ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ. ನಿಮ್ಮದು ಅದಕ್ಕೆ ಉಲ್ಟಾ.

ಲೋಡ್ ಬಿದ್ದಾಗ ಮಾತ್ರ ಬಂದು, ಕಾಲು ತೆಗೆದ ತಕ್ಷಣ ಹೋಗುವುದು, ಬಿಸಿಲಿಗೆ ಜಾಸ್ತಿಯಾಗುವುದು ಪಿಂಗಿಂಗ್. ನಮ್ಮ ಕಡೆ ನಾಕಿಂಗ್ ಅನ್ನುತ್ತಾರೆ. ಕೆಲವು ಮೆಕ್ಯಾನಿಕ್‌ಗಳಿಗೆ ಇಂಜಿನ್ನಿನಲ್ಲಿ ಏನು ಸದ್ದಾದರೂ ಟ್ಯಾಪೆಟ್ಟೇ.

ಒಂದು ಪ್ರಶ್ನೆ. ಅದೇ ಏರಿನಲ್ಲಿ ಎರಡನೇ ಗೇರ್‌ಗೆ ಹಾಕಿದರೆ ಶಬ್ದ ಹೋಗುತ್ತದಾ?

ತೋಟದ ಓಮ್ನಿ

ಹೋಗುತ್ತದೆ! ಆದರೆ ಇಂಜಿನ್ ಕಿರುಚುತ್ತದೆ ಅಂತ ಅಪ್ಪ ಬೈಯ್ಯುತ್ತಾರೆ. "ಮೂರರಲ್ಲೇ ಎಳೆಯುತ್ತೆ, ಎಳಿಸು" ಎನ್ನುತ್ತಾರೆ.

ಶಿರಾ ಗೇಟ್ ಹಳಬ

ಅಪ್ಪನಿಗೆ ಹೇಳಿ, 800 ಸಿಸಿ ಇಂಜಿನ್‌ಗೆ ಕಿರುಚುವುದು ಕಷ್ಟವಲ್ಲ. ಕಡಿಮೆ ಸ್ಪೀಡಿನಲ್ಲಿ ಮೇಲಿನ ಗೇರ್ ಹಾಕಿ ತುಳಿಯುವುದು ಕಷ್ಟ. ಮೂಟೆ ಹೊತ್ತವನು ಮೆಟ್ಟಿಲು ಹತ್ತುವಾಗ ಸಣ್ಣ ಹೆಜ್ಜೆ ಇಡುತ್ತಾನೋ, ಮೂರು ಮೆಟ್ಟಿಲು ಒಟ್ಟಿಗೆ ಹಾರುತ್ತಾನೋ? ಮೊದಲು ಎರಡನೇ ಗೇರ್ ಅಭ್ಯಾಸ ಮಾಡಿಕೊಳ್ಳಿ. ಉಳಿದಿದ್ದು ನಿಧಾನಕ್ಕೆ ನೋಡೋಣ.

ಹೊರಪೇಟೆ ರೈಡರ್

ಇಷ್ಟೆಲ್ಲಾ ಯಾಕೆ, ಕಾರಣ ಒಂದೇ. ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೇ ಗಾಡಿಗಳಿಗೆ ಎಥೆನಾಲ್ ಹಾಕಿ ಸಾಯಿಸುತ್ತಿದ್ದಾರೆ. ನನ್ನ ಬೈಕ್ ಕೂಡ ಹಾಗೇ ಆಗಿದೆ.

ಅಂತರಸನಹಳ್ಳಿ ಲೇತ್

ಅಣ್ಣ, ಎಥೆನಾಲ್‌ಗೆ ಬೈಯ್ಯಲು ಬೇಕಾದಷ್ಟು ಕಾರಣ ಇವೆ, ನಾನೂ ಬೈಯ್ಯುತ್ತೇನೆ. ಆದರೆ ನಾಕಿಂಗ್‌ಗೆ ನೇರವಾಗಿ ಅದನ್ನು ಹಿಡಿಯಲು ಆಗುವುದಿಲ್ಲ.

ಸಿಲಿಂಡರ್ ಒಳಗೆ ಆಗುವುದು ಇಷ್ಟು. ಒಣಹುಲ್ಲಿನ ಬಯಲಿಗೆ ಒಂದು ಮೂಲೆಯಲ್ಲಿ ಬೆಂಕಿ ಹಚ್ಚಿದರೆ ಅದು ಸಾಲಾಗಿ ಇನ್ನೊಂದು ಮೂಲೆಗೆ ಸಾಗುತ್ತದೆ ಅಲ್ವಾ, ಹಾಗೆ ಪ್ಲಗ್ ಹಚ್ಚಿದ ಬೆಂಕಿ ಸಾಗಬೇಕು. ಬೆಂಕಿ ಸಾಗುತ್ತಿದ್ದಂತೆ ಒಳಗೆ ಒತ್ತಡ ಏರುತ್ತದೆ. ದೂರದ ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲ್ ಹಿಂಡಿ ಹಿಂಡಿ ಕಾಯುತ್ತದೆ. ಕಾವು ಮಿತಿ ಮೀರಿದರೆ ಬೆಂಕಿ ತಲುಪುವ ಮೊದಲೇ ಅದು ತಾನಾಗಿಯೇ ಒಂದೇ ಏಟಿಗೆ ಹೊತ್ತಿಕೊಳ್ಳುತ್ತದೆ. ಆ ಏಟಿಗೆ ಒಳಗಿನ ಅನಿಲ ಗಂಟೆ ಬಾರಿಸಿದ ಹಾಗೆ ಅದುರುತ್ತದೆ. ನೀವು ಕೇಳುವ ಕಿಣಿಕಿಣಿ ಅದೇ. ಲೋಹ ಲೋಹಕ್ಕೆ ಬಡಿಯುವ ಸದ್ದಲ್ಲ.

ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ತಾನಾಗಿ ಹೊತ್ತಿಕೊಳ್ಳದೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವ ಅಳತೆ. ಎಥೆನಾಲ್ ಆಕ್ಟೇನ್ ಸುಮಾರು 108. ಬೆರೆಸಿದರೆ ಪೆಟ್ರೋಲಿನ ತಡೆಯುವ ಗುಣ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ತೊಂದರೆ ಬೇರೆ ಕಡೆಯಿಂದ ಬರುತ್ತದೆ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಎಥೆನಾಲ್‌ಗೆ ಸುಮಾರು 9 ಸಾಕು. ಹೊಸ ಗಾಡಿಯಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ಜಾಸ್ತಿ ಇಂಧನ ಬಿಡುತ್ತದೆ. ಕಾರ್ಬುರೇಟರ್ ಜೆಟ್‌ಗೆ ಏನು ಗೊತ್ತು? ತೂತಿನಷ್ಟೇ ಬಿಡುತ್ತದೆ. ಮಿಕ್ಸ್ಚರ್ ಸ್ವಲ್ಪ ಲೀನ್ ಆಗುತ್ತದೆ (ಗಾಳಿ ಜಾಸ್ತಿ, ಇಂಧನ ಕಡಿಮೆ), ಪಿಕಪ್ ತಡವರಿಸುತ್ತದೆ. ಹಳೇ ರಬ್ಬರ್ ಪೈಪ್‌ಗಳೂ ಎಥೆನಾಲ್‌ಗೆ ಬಿರಿಯುತ್ತವೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆ ಕರಗಿ ಬಂದು ಜೆಟ್‌ನಲ್ಲಿ ಕೂರುತ್ತದೆ. ಹಾಗಾಗಿ ಮೇಡಂ, ಪೆಟ್ರೋಲ್ ಪೈಪ್, ವ್ಯಾಕ್ಯೂಮ್ ಪೈಪ್ ಎರಡನ್ನೂ ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ನೂರಿನ್ನೂರು ರೂಪಾಯಿ ಕೆಲಸ. ಸೀಟಿನ ಕೆಳಗೇ ಇಂಜಿನ್ ಇರುವ ಗಾಡಿಯಲ್ಲಿ ಪೆಟ್ರೋಲ್ ಪೈಪ್ ಬಿರಿಯುವುದು ತಮಾಷೆಯಲ್ಲ.

ಪಾವಗಡ ಬಿಸಿಲು

ಪೆಟ್ರೋಲ್ ಒಂದೇ ಬಂಕಿನದಾ? ನನಗೆ ಒಮ್ಮೆ ಹೀಗೇ ಆಗಿತ್ತು. ಊರ ಹೆಸರು ಬೇಡ, ಒಂದು ಕಡೆ 500 ರೂಪಾಯಿಗೆ ಹಾಕಿಸಿಕೊಂಡು ಹೊರಟೆ. ಹತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಇಂಜಿನ್ ಕಡಲೆ ಹುರಿಯಲು ಶುರು ಮಾಡಿತು. ಟ್ಯಾಂಕ್ ಖಾಲಿ ಮಾಡಿ ಬೇರೆ ಕಡೆ ಹಾಕಿಸಿದ ಮೇಲೆ ಸರಿಹೋಯಿತು. ಸೀಮೆಎಣ್ಣೆ ಬೆರೆತರೆ ಆಕ್ಟೇನ್ ಧಡ್ ಅಂತ ಇಳಿಯುತ್ತದೆ.

ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ. ನಳಿಕೆ ಒರೆಸಿ ಒಂದು ಹನಿ ಬಿಡಿ. ಒಳ್ಳೆಯ ಪೆಟ್ರೋಲ್ ಎರಡು ನಿಮಿಷದಲ್ಲಿ ಆರಿ ಹೋಗುತ್ತದೆ, ಕಲೆ ಉಳಿಯುವುದಿಲ್ಲ. ಎಣ್ಣೆ ಕಲೆ ಉಳಿದರೆ ಅನುಮಾನ. ಪೇಪರ್ ಕೇಳುವುದು ಗ್ರಾಹಕರ ಹಕ್ಕು, ನಾಚಿಕೊಳ್ಳಬೇಡಿ.

ತೋಟದ ಓಮ್ನಿ

ಪೇಪರ್ ಕೇಳಿದೆ. ಹುಡುಗ ಒಂದು ನಿಮಿಷ ನನ್ನನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ತಂದುಕೊಟ್ಟ. ಕಲೆ ಉಳಿಯಲಿಲ್ಲ.

ಪೈಪ್ ನೋಡಿದೆ. ಪೆಟ್ರೋಲ್ ಪೈಪ್ ಗಟ್ಟಿಯಾಗಿ ಕಡ್ಡಿಯಂತಾಗಿತ್ತು, ಬದಲಾಯಿಸಿದೆ. ವ್ಯಾಕ್ಯೂಮ್ ಪೈಪ್ ತುದಿ ಬಿರಿದಿತ್ತು, ಅರ್ಧ ಇಂಚು ಕತ್ತರಿಸಿ ಮತ್ತೆ ಹಾಕಿದರು. ಏನೂ ವ್ಯತ್ಯಾಸ ಇಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಜಾಸ್ತಿಯೇ ಆಗಿದೆ ಅನ್ನಿಸುತ್ತಿದೆ. ಇದು ಹೇಗೆ?

ಶಿರಾ ಗೇಟ್ ಹಳಬ

ಅದೇ ಸುಳಿವು, ಬಿಡಬೇಡಿ. ಆ ವ್ಯಾಕ್ಯೂಮ್ ಪೈಪ್ ಹೋಗುವುದು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಪಕ್ಕದ ತಟ್ಟೆಗೆ, ವ್ಯಾಕ್ಯೂಮ್ ಅಡ್ವಾನ್ಸ್‌ಗೆ. ಹಗುರವಾಗಿ ಓಡಿಸುವಾಗ ಅದು ಕಿಡಿಯನ್ನು ಇನ್ನಷ್ಟು ಬೇಗ ಕೊಡಿಸುತ್ತದೆ. ಪೂರ್ತಿ ತುಳಿದರೆ ಬಿಟ್ಟುಕೊಡಬೇಕು. ಪೈಪ್ ಬಿರಿದಿದ್ದಾಗ ಅದು ಕೆಲಸವೇ ಮಾಡುತ್ತಿರಲಿಲ್ಲ. ಈಗ ಮಾಡುತ್ತಿದೆ, ಶಬ್ದ ಹೆಚ್ಚಾಗಿದೆ. ಅಂದರೆ ಕಿಡಿ ಮೊದಲೇ ಬೇಗ ಬರುತ್ತಿದೆ, ಅದರ ಮೇಲೆ ಇದೂ ಸೇರಿತು.

ಎರಡು ಪರೀಕ್ಷೆ ಮಾಡಿ. ಒಟ್ಟಿಗೆ ಅಲ್ಲ.

ಒಂದು: ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ 95 ಆಕ್ಟೇನ್ ಪೆಟ್ರೋಲ್ ಹತ್ತು ಲೀಟರ್ ಹಾಕಿಸಿ ಅದೇ ಏರು ಹತ್ತಿ. ಶಬ್ದ ಕಡಿಮೆಯಾದರೆ ನಾಕಿಂಗ್ ಅನ್ನುವುದು ಖಾತ್ರಿ. ಬೇರಿಂಗ್ ಸವೆದಿದ್ದರೆ ಅದಕ್ಕೆ ಯಾವ ಪೆಟ್ರೋಲ್ ಆದರೂ ಒಂದೇ.

ಎರಡು: ಆ ವ್ಯಾಕ್ಯೂಮ್ ಪೈಪ್ ಕಿತ್ತು, ಕಾರ್ಬುರೇಟರ್ ಕಡೆ ತುದಿಗೆ ಬಿರಡೆ ಹಾಕಿ ಓಡಿಸಿ. ಬಿರಡೆ ಮರೆತರೆ ಗಾಳಿ ನುಗ್ಗಿ ಬೇರೆಯೇ ತೊಂದರೆ ಶುರುವಾಗುತ್ತದೆ.

ಏರು ಅದೇ ಇರಲಿ, ಜನ ಅಷ್ಟೇ ಇರಲಿ, ಹೊತ್ತೂ ಅದೇ ಇರಲಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಕೋಲಾರ ಪದ್ಮಿನಿ

ಹಳಬರು ಹೇಳಿದ್ದು ಓದಿ ನನ್ನ ಕಥೆ ನೆನಪಾಯಿತು. ನನ್ನ ಪದ್ಮಿನಿ ಕಾರಿಗೆ ನಂದಿ ಬೆಟ್ಟದ ಏರಿನಲ್ಲಿ ಇದೇ ಕಾಯಿಲೆ ಇತ್ತು. ಅದು ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಕೊಡಿಸುವ ಸ್ವಿಚ್) ಇರುವ ಗಾಡಿ. ಪಾಯಿಂಟ್ ಗ್ಯಾಪ್ ಜಾಸ್ತಿಯಾದರೆ ಟೈಮಿಂಗ್ (ಕಿಡಿ ಬೀಳುವ ಹೊತ್ತು) ತಾನಾಗಿ ಅಡ್ವಾನ್ಸ್ ಆಗುತ್ತದೆ, ಅಂದರೆ ಕಿಡಿ ಬೇಗ; ಕಡಿಮೆಯಾದರೆ ರಿಟಾರ್ಡ್, ಅಂದರೆ ತಡ. ಇದು ಗೊತ್ತಿಲ್ಲದೆ ಮೊದಲು ಟೈಮಿಂಗ್ ಸೆಟ್ ಮಾಡಿ, ಆಮೇಲೆ ಗ್ಯಾಪ್ ಸೆಟ್ ಮಾಡಿ, ಮತ್ತೆ ಹಾಳು ಮಾಡಿಕೊಳ್ಳುತ್ತಿದ್ದೆ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಅದು ಸರಿಯಾದರೂ ಶಬ್ದ ಹೋಗಲಿಲ್ಲ. ಕೊನೆಗೆ ಡಿಸ್ಟ್ರಿಬ್ಯೂಟರ್ ಇಳಿಸಿ ಬೇಸ್ ಪ್ಲೇಟ್ ತೆಗೆದು ನೋಡಿದರೆ, ಕೆಳಗೆ ತೂಕದ ಎರಡು ಗುಂಡು ಇರುತ್ತವಲ್ಲ, ಅದರ ಒಂದು ಸ್ಪ್ರಿಂಗ್ ಮುರಿದಿತ್ತು. ಸ್ಪೀಡ್ ಏರಿದಂತೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕಾದ ಗುಂಡುಗಳು ಸ್ವಲ್ಪ ತುಳಿದರೂ ಪೂರ್ತಿ ಬಿಚ್ಚಿಕೊಳ್ಳುತ್ತಿದ್ದವು. ಐಡ್ಲಿಂಗ್‌ನಲ್ಲಿ ಟೈಮಿಂಗ್ ಲೈಟ್ (ಕಿಡಿಯ ಹೊತ್ತು ತೋರಿಸುವ ಮಿನುಗು ದೀಪ) ಹಾಕಿದರೆ ಎಲ್ಲಾ ಸರಿ ಕಾಣುತ್ತದೆ, ರಸ್ತೆಯಲ್ಲಿ ತಪ್ಪು. ಆರು ತಿಂಗಳು ಆಟ ಆಡಿಸಿತು. ಹಳೇ ಸಾಮಾನಿನ ಅಂಗಡಿಯಲ್ಲಿ 40 ರೂಪಾಯಿಗೆ ಒಂದು ಜೊತೆ ಸ್ಪ್ರಿಂಗ್ ಸಿಕ್ಕಿತು.

2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತ ಮೇಲೇ ಹಳೇ ಗಾಡಿಗಳು ನಾಕ್ ಆಗಲು ಶುರುವಾದವು ಅಂತ ನಮ್ಮ ಕಡೆ ಈಗಲೂ ಹೇಳುವವರಿದ್ದಾರೆ. ಸೀಸ ಹಾಕುತ್ತಿದ್ದಿದ್ದು ಆಕ್ಟೇನ್ ಏರಿಸಲು ಅನ್ನುವುದು ನಿಜ. ಆದರೆ ಅದು ಹೋಗಿ ಕಾಲು ಶತಮಾನ ಆಯಿತು. ನನ್ನ ಸ್ಪ್ರಿಂಗ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ.

ತೋಟದ ಓಮ್ನಿ

ಎರಡೂ ಮಾಡಿದೆ. ಮಧ್ಯಾಹ್ನ ಎರಡು ಗಂಟೆ, ಜನ ಅವರೇ. ನನ್ನ ಅತ್ತಿಗೆಗೆ ಈಗ ದೇವರಾಯನದುರ್ಗ ಅಂದರೆ ತಲೆನೋವು. "ಭೋಗ ನರಸಿಂಹನೂ ಆಯಿತು, ಯೋಗ ನರಸಿಂಹನೂ ಆಯಿತು, ಇನ್ನು ಯಾವ ನರಸಿಂಹನಿಗೆ" ಎಂದು ಕೇಳುತ್ತಾರೆ.

95 ಹಾಕಿದಾಗ ಶಬ್ದ ಅರ್ಧ ಆಯಿತು, ಪೂರ್ತಿ ಹೋಗಲಿಲ್ಲ. ಮುಂದಿನ ಭಾನುವಾರ ಮಾಮೂಲಿ ಪೆಟ್ರೋಲಿನಲ್ಲಿ ವ್ಯಾಕ್ಯೂಮ್ ಪೈಪ್ ಮುಚ್ಚಿ ಹೋದೆ. ಅರ್ಧ ತುಳಿದಾಗ ಶಬ್ದ ಹೋಯಿತು, ಪೂರ್ತಿ ತುಳಿದರೆ ಇದೆ.

ಪ್ಲಗ್ ಬಿಚ್ಚಿ ನೋಡಿದೆ. ಮೂರೂ ಬೆಳ್ಳಗಿವೆ, ಸುಣ್ಣ ಬಳಿದ ಹಾಗೆ. ನಡುವಿನದರ ಪಿಂಗಾಣಿ ಮೇಲೆ ಸಣ್ಣ ಸಣ್ಣ ಚುಕ್ಕಿಗಳಿವೆ. ಗ್ಯಾರೇಜಿನವರು ವಾಪಸ್ ಕೊಟ್ಟಿದ್ದ ಹಳೇ ಪ್ಲಗ್ ಡಬ್ಬದಲ್ಲಿ ಸಿಕ್ಕಿತು. ಎನ್‌ಜಿಕೆ ಕಂಪನಿಯದು, ನಂಬರಿನಲ್ಲಿ 6 ಇದೆ. ಹೊಸದರಲ್ಲಿ 5 ಇದೆ. ಇದರಿಂದ ಏನಾದರೂ ಆಗುತ್ತದಾ?

ಅಂತರಸನಹಳ್ಳಿ ಲೇತ್

ಆಗುತ್ತದೆ. ಪ್ಲಗ್‌ಗೆ ಹೀಟ್ ರೇಂಜ್ ಅಂತ ಇದೆ. ತನ್ನ ತುದಿಯ ಬಿಸಿಯನ್ನು ಹೆಡ್‌ಗೆ ಎಷ್ಟು ಬೇಗ ದಾಟಿಸುತ್ತದೆ ಅನ್ನುವುದು. ಎನ್‌ಜಿಕೆಯಲ್ಲಿ ನಂಬರ್ ಕಡಿಮೆಯಾದಷ್ಟೂ ಪ್ಲಗ್ ಬಿಸಿ, ಜಾಸ್ತಿಯಾದಷ್ಟೂ ತಂಪು. ಬಾಷ್‌ನಲ್ಲಿ ಇದು ಪೂರ್ತಿ ಉಲ್ಟಾ. ನಮ್ಮಲ್ಲಿ ಬಾಷ್ ಕಂಪನಿಗೆ ಮೈಕೋ ಅಂತ ಹೆಸರಿದ್ದ ಕಾಲದಿಂದ ಬಾಷ್ ಪ್ಲಗ್ ನೋಡಿ ಅಭ್ಯಾಸ ಇರುವವರು "ಚಿಕ್ಕ ನಂಬರ್ ತಂಪು" ಎಂದು ಲೆಕ್ಕ ಹಾಕಿ ಎನ್‌ಜಿಕೆ ಹಾಕಿದರೆ, ತಂಪು ಅಂದುಕೊಂಡು ಬಿಸಿ ಪ್ಲಗ್ ಹಾಕಿರುತ್ತಾರೆ. ನಾನೇ ಒಮ್ಮೆ ಹಾಕಿದ್ದೇನೆ.

ಪ್ಲಗ್ ಬಿಸ್ಕತ್ ಬಣ್ಣದಲ್ಲಿರಬೇಕು. ಬೆಳ್ಳಗಿದ್ದರೆ ಒಳಗೆ ಕಾವು ಜಾಸ್ತಿ. ಆ ಚುಕ್ಕಿಗಳ ಬಗ್ಗೆ ನನಗೆ ಭಯ. ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ನಾಕಿಂಗ್ ಏಟಿಗೆ ಚೂರು ಚೂರು ಎದ್ದು ಬಂದು ಕೂತಿರುತ್ತದೆ. ಹಾಗೇ ಓಡಿಸಿದರೆ ರಿಂಗ್ ಕೂರುವ ಅಂಚು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಪಿಸ್ಟನ್ ತೂತಾಗಿದ್ದನ್ನೂ ನೋಡಿದ್ದೇನೆ. ಕಪ್ಪು ಚುಕ್ಕಿ ಆದರೆ ಬರೀ ಕಾರ್ಬನ್.

ಕೀ ಆಫ್ ಮಾಡಿದ ಮೇಲೂ ಕೊಸರಾಡುತ್ತದೆ ಅಂದಿರಲ್ಲ, ಅದೂ ಈ ಕಾವಿನದೇ. ಒಳಗೆ ಯಾವುದೋ ಒಂದು ಜಾಗ ಕೆಂಡದಂತೆ ಕಾದಿದೆ. ಕಿಡಿ ಇಲ್ಲದೆಯೂ ಪೆಟ್ರೋಲ್ ಹೊತ್ತಿಸುತ್ತಿದೆ.

ತೋಟದ ಓಮ್ನಿ

ಭೂತಕನ್ನಡಿ ಹಿಡಿದು ನೋಡಿದೆ. ಕಪ್ಪು.

ಅಂತರಸನಹಳ್ಳಿ ಲೇತ್

ಬದುಕಿದಿರಿ.

ಬಟವಾಡಿ ಬಾಯ್

ಕಾರ್ಬನ್ ಅಂದರೆ ಸುಲಭ ಇದೆ ಮೇಡಂ. ಇಂಜಿನ್ ಬಿಸಿ ಇರುವಾಗ ರೇಸ್ ಮಾಡುತ್ತಾ ಕಾರ್ಬುರೇಟರ್ ಬಾಯಿಗೆ ಒಂದು ಲೋಟ ನೀರು ನಿಧಾನಕ್ಕೆ ಬಿಡಿ. ಆವಿ ಆಗಿ ಕಾರ್ಬನ್ ಎಲ್ಲಾ ಕಿತ್ತುಕೊಂಡು ಬರುತ್ತದೆ. ವಿಡಿಯೋ ನೋಡಿದ್ದೇನೆ.

ಶಿರಾ ಗೇಟ್ ಹಳಬ

ತಮ್ಮಾ, ವಿಡಿಯೋದಲ್ಲಿ ಕೈ ತಪ್ಪಿ ಜಾಸ್ತಿ ಬಿದ್ದಿದ್ದನ್ನು ಯಾರೂ ತೋರಿಸುವುದಿಲ್ಲ. ನೀರನ್ನು ಹಿಂಡಲು ಆಗುವುದಿಲ್ಲ. ಸಿಲಿಂಡರ್‌ನಲ್ಲಿ ನಿಂತರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಂಜಿನಂತೆ ಸಿಂಪಡಿಸಿ ಮಾಡುವವರಿದ್ದಾರೆ, ಕೆಲಸವೂ ಆಗುತ್ತದೆ. ಇಲ್ಲಿ ಬರೆದು ಹೇಳಿಕೊಡುವ ಕೆಲಸವಲ್ಲ ಅದು. ಕಾರ್ಬನ್ ಕೂತರೆ ಒಳಗಿನ ಜಾಗ ಕಡಿಮೆಯಾಗಿ ಕಂಪ್ರೆಷನ್ ಏರುತ್ತದೆ, ಅದೂ ನಾಕಿಂಗ್‌ಗೆ ಕಾರಣ. ಆದರೆ ಅದನ್ನು ಕೊನೆಗೆ ನೋಡೋಣ. ನಮ್ಮ ಕಾಲದಲ್ಲಿ ಹೆಡ್ ಇಳಿಸಿ ಕೆರೆಯುತ್ತಿದ್ದೆವು.

ಮೇಡಂ, ರೇಡಿಯೇಟರ್‌ಗೆ ಯಾವ ನೀರು ಹಾಕುತ್ತೀರಿ?

ತೋಟದ ಓಮ್ನಿ

ತೋಟದ ಬೋರ್‌ವೆಲ್ ನೀರು. ಅಪ್ಪ ಮೊದಲಿಂದಲೂ ಅದನ್ನೇ ಹಾಕುವುದು. ಟೆಂಪರೇಚರ್ ಮುಳ್ಳು ಏರಿನಲ್ಲಿ ಮುಕ್ಕಾಲಿಗೆ ಹೋಗುತ್ತದೆ, ಕೆಂಪಿಗೆ ಹೋಗಿಲ್ಲ.

ಪಾವಗಡ ಬಿಸಿಲು

ಮುಕ್ಕಾಲು ಅಂದರೆ ಕಡಿಮೆ ಅಲ್ಲ. ನಿಮ್ಮ ಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಳಗೆ ಬೆರಳು ಹಾಕಿ ಕೆರೆದು ನೋಡಿ. ಆ ಬಿಳಿ ಪದರ ರೇಡಿಯೇಟರ್ ಟ್ಯೂಬಿನಲ್ಲೂ ಇರುತ್ತದೆ. ನಮ್ಮ ಜಿಲ್ಲೆಯ ಬೋರ್ ನೀರು ಅಷ್ಟು ಗಡಸು. ನಮ್ಮ ಕಡೆಯಂತೂ ಕೇಳಲೇಬೇಡಿ, ಸೋಲಾರ್ ಪಾರ್ಕ್ ಹಾಕಿರುವ ಊರು, ಬಿಸಿಲೂ ಹಾಗೇ ನೀರೂ ಹಾಗೇ. ನಾನು ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬಿಟ್ಟು ಬೇರೆ ಹಾಕುವುದಿಲ್ಲ. ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತು ಬಿಸಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಸಿಲಿಂಡರ್ ಗೋಡೆ ಬಿಸಿಯಾದಷ್ಟೂ ಆ ಕೊನೆ ಮೂಲೆಯ ಪೆಟ್ರೋಲ್ ಬೇಗ ಹೊತ್ತಿಕೊಳ್ಳುತ್ತದೆ. ಮಧ್ಯಾಹ್ನ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಕ್ಯಾತ್ಸಂದ್ರದವ

ಒಂದು ಅನುಮಾನ. ಮೂರು ತಿಂಗಳಿಂದ ಶಬ್ದ ಅಂದಿರಿ. ಮೂರು ತಿಂಗಳ ಹಿಂದೆ ಗಾಡಿಗೆ ಏನಾದರೂ ಮಾಡಿಸಿದ್ದಿರಾ? ಸರ್ವೀಸ್, ಬೆಲ್ಟ್, ಏನಾದರೂ?

ತೋಟದ ಓಮ್ನಿ

ಇಂಜಿನ್‌ಗೆ ಏನೂ ಇಲ್ಲ. ಗ್ಯಾಸ್ ಕಿಟ್ ಬಿಚ್ಚಿಸಿದೆವು ಅಷ್ಟೇ. ಎಂಟು ವರ್ಷ ಎಲ್‌ಪಿಜಿಯಲ್ಲೇ ಓಡುತ್ತಿತ್ತು. ಟ್ಯಾಂಕ್ ಟೆಸ್ಟ್ ಮಾಡಿಸುವ ತಾಪತ್ರಯ, ಗ್ಯಾಸ್ ತುಂಬಿಸುವ ಬಂಕ್ ದೂರ. ಸಾಕು ಅಂತ ತೆಗೆಸಿದರು ಅಪ್ಪ.

ಶಿರಾ ಗೇಟ್ ಹಳಬ

ಇದನ್ನು ಮೊದಲೇ ಹೇಳಬಾರದಾ ತಾಯಿ!

ಎಂಟು ವರ್ಷ ಗ್ಯಾಸ್ ಅಂದರೆ ಮುಗಿಯಿತು. ಕಿಟ್ ಹಾಕುವವನು ಮೊದಲು ಮಾಡುವ ಕೆಲಸ ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲಿಸಿ ಟೈಮಿಂಗ್ ಮುಂದಕ್ಕೆ ಹಾಕುವುದು. ಗ್ಯಾಸ್‌ಗೆ ಕಿಡಿ ಬೇಗ ಕೊಟ್ಟರೆ ಪಿಕಪ್ ಬರುತ್ತದೆ. ಅದರ ಆಕ್ಟೇನ್ ಪೆಟ್ರೋಲಿಗಿಂತ ಜಾಸ್ತಿ, ನಾಕ್ ಆಗುವುದಿಲ್ಲ. ಹಾಗಾಗಿ ಎಂಟು ವರ್ಷ ನಿಮಗೆ ಏನೂ ಕೇಳಲಿಲ್ಲ. ಕಿಟ್ ಬಿಚ್ಚಿದವನು ಪೈಪ್ ತೆಗೆದ, ಟ್ಯಾಂಕ್ ತೆಗೆದ, ದುಡ್ಡು ತೆಗೆದುಕೊಂಡ. ಟೈಮಿಂಗ್ ಹಿಂದಕ್ಕೆ ತರಲಿಲ್ಲ. ಗಾಡಿ ಈಗಲೂ ಗ್ಯಾಸ್ ಅಂದುಕೊಂಡೇ ಕಿಡಿ ಕೊಡುತ್ತಿದೆ.

ಕಿವಿಯಲ್ಲಿ ಕೇಳಿ ಸೆಟ್ ಮಾಡಿಸಬೇಡಿ, ಟೈಮಿಂಗ್ ಲೈಟ್ ಇರುವವರ ಹತ್ತಿರ ಹೋಗಿ. ನಾನೂ ಮೂವತ್ತು ವರ್ಷ ಕಿವಿಯಲ್ಲೇ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ.

ಹೊರಪೇಟೆ ರೈಡರ್

ಅಂದರೆ ಇ20 ಅಲ್ಲ ಅಂತೀರಾ?

ಅಂತರಸನಹಳ್ಳಿ ಲೇತ್

ಪೆಟ್ರೋಲ್ ಪೈಪ್ ಗಟ್ಟಿಯಾಗಿದ್ದರಲ್ಲಿ ಅದರ ಪಾಲು ಇರಬಹುದು ಅಣ್ಣ. ಅಷ್ಟು ತಗೊಳ್ಳಿ.

ಮೇಡಂ, ನನ್ನ ಹತ್ತಿರ ಟೈಮಿಂಗ್ ಲೈಟ್ ಇದೆ. ಶನಿವಾರ ಮಧ್ಯಾಹ್ನದ ಮೇಲೆ ಇಂಡಸ್ಟ್ರಿಯಲ್ ಏರಿಯಾ ಕಡೆ ಬನ್ನಿ, ನೋಡೋಣ. ವಿಳಾಸ ಬೇರೆಯಾಗಿ ಕಳಿಸುತ್ತೇನೆ.

ತೋಟದ ಓಮ್ನಿ

ಶನಿವಾರ ಹೋಗಿದ್ದೆ. ಅಪ್ಪನೂ ಬಂದಿದ್ದರು. ಏನೇನು ಮಾಡಿದರು ಅಂತ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು.

ಮೊದಲು ಒಂದನೇ ಸಿಲಿಂಡರ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಬಿಟ್ಟು, ಇಂಜಿನ್ ಕೈಯಲ್ಲಿ ತಿರುಗಿಸಿ ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ ನೋಡಿದರು. ಟೈಮಿಂಗ್ ಗುರುತು ಅಲ್ಲಿಗೇ ಸರಿಯಾಗಿ ಕೂರುತ್ತದಾ ಅಂತ. ಕೂತಿತು. ಗುರುತೇ ಸುಳ್ಳಾಗಿದ್ದರೆ ಲೈಟ್ ಹಾಕಿ ಏನು ಪ್ರಯೋಜನ ಎಂದರು. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದೆಯಾ ಅಂತಲೂ ನೋಡಿದರು, ಇಲ್ಲ.

ಆಮೇಲೆ ಇಂಜಿನ್ ಬಿಸಿ ಮಾಡಿ, ವ್ಯಾಕ್ಯೂಮ್ ಪೈಪ್ ತೆಗೆದು ಮುಚ್ಚಿ, ಐಡ್ಲಿಂಗ್ ಸರಿಮಾಡಿ ಲೈಟ್ ಹಾಕಿದರು. ಗಾಡಿಯ ಪುಸ್ತಕದಲ್ಲಿರುವುದಕ್ಕಿಂತ 8 ಡಿಗ್ರಿ ಮುಂದೆ ಇತ್ತು. ಅಪ್ಪ ಲೈಟ್ ಬೆಳಕಿನಲ್ಲಿ ಗುರುತು ನಿಂತ ಹಾಗೆ ಕಾಣುವುದನ್ನು ನೋಡಿ ಮೂರು ಸಲ "ಎಲ್ಲಿ, ಇನ್ನೊಂದ್ಸಲ ತೋರಿಸಿ" ಎಂದರು.

ಡಿಸ್ಟ್ರಿಬ್ಯೂಟರ್ ತಿರುಗಿಸುವಾಗ ಅವರು ಹೇಳಿದ ಒಂದು ಮಾತು ನನಗೆ ಹಿಡಿಸಿತು. ಅದು ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದಂತೆ. ಹಾಗಾಗಿ ಬಾಡಿಯನ್ನು 1 ಡಿಗ್ರಿ ತಿರುಗಿಸಿದರೆ ಟೈಮಿಂಗ್ 2 ಡಿಗ್ರಿ ಬದಲಾಗುತ್ತದೆ. ಕೂದಲೆಳೆಯಷ್ಟು ಸಾಕು. ರೋಟರ್ ತಿರುಗುವ ದಿಕ್ಕಿಗೇ ತಿರುಗಿಸಿದರೆ ಟೈಮಿಂಗ್ ಹಿಂದಕ್ಕೆ, ಎದುರು ದಿಕ್ಕಿಗೆ ತಿರುಗಿಸಿದರೆ ಮುಂದಕ್ಕೆ. ಕೊನೆಗೆ ವ್ಯಾಕ್ಯೂಮ್ ತಟ್ಟೆಗೆ ಸಿರಿಂಜ್ ಹಾಕಿ ಎಳೆದು ಬಿಟ್ಟರು. ಒಳಗಿನ ಪ್ಲೇಟ್ ಸರಾಗವಾಗಿ ಹೋಗಿ ವಾಪಸ್ ಬಂತು.

ದುಡ್ಡು ತಗೊಳ್ಳಲಿಲ್ಲ. ಅಪ್ಪ ಒಂದು ಚೀಲ ಕಾಯಿ ಇಳಿಸಿ ಬಂದರು.

ಭಾನುವಾರ ಏರು ಹತ್ತಿದೆವು. ನೂರಕ್ಕೆ ಎಂಬತ್ತು ಹೋಗಿದೆ. ಮೇಲಿನ ಕೊನೆಯ ತಿರುವಿನಲ್ಲಿ ಮಾತ್ರ ಸ್ವಲ್ಪ ಕಿಣಿ ಅನ್ನುತ್ತದೆ. ಇನ್ನೂ 4 ಡಿಗ್ರಿ ಹಿಂದಕ್ಕೆ ಹಾಕಿಸಿದರೆ ಪೂರ್ತಿ ಹೋಗುತ್ತದಾ?

ಶಿರಾ ಗೇಟ್ ಹಳಬ

ಹೋಗುತ್ತದೆ, ಜೊತೆಗೆ ಪಿಕಪ್ಪೂ ಹೋಗುತ್ತದೆ, ಮೈಲೇಜೂ ಹೋಗುತ್ತದೆ. ಕಿಡಿ ತಡವಾದರೆ ಬೆಂಕಿ ಸೈಲೆನ್ಸರ್ ಕಡೆ ಹೋಗುವಾಗಲೂ ಉರಿಯುತ್ತಿರುತ್ತದೆ, ಇಂಜಿನ್ ಇನ್ನೂ ಬಿಸಿಯಾಗುತ್ತದೆ. ಪುಸ್ತಕದ ಅಂಕಿಗೆ ಬಂದಿದೆಯಲ್ಲ, ಅಲ್ಲೇ ಬಿಡಿ. ಉಳಿದ ಶಬ್ದ ಕಾವಿನದು. ಈ ವಾರ ಪ್ಲಗ್, ಮುಂದಿನ ವಾರ ರೇಡಿಯೇಟರ್.

ಬಟವಾಡಿ ಬಾಯ್

ಎರಡೂ ಒಂದೇ ದಿನ ಮಾಡಿಸಿದರೆ ಏನಾಗುತ್ತೆ? ಅತ್ತಿಗೆ ಪಾಪ.

ಶಿರಾ ಗೇಟ್ ಹಳಬ

ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಬಂದರೆ ಮತ್ತೆ ಎರಡಕ್ಕೂ ದುಡ್ಡು ಕೊಡುತ್ತಾರೆ.

ತೋಟದ ಓಮ್ನಿ

ಎಲ್ಲಾ ಮುಗಿಯಿತು. 6 ನಂಬರ್ ಪ್ಲಗ್ ಹಾಕಿದ ಮೇಲೆ ಕೀ ಆಫ್ ಮಾಡಿದಾಗ ಕೊಸರಾಡುವುದು ನಿಂತಿತು. ಏರಿನ ಶಬ್ದಕ್ಕೆ ದೊಡ್ಡ ವ್ಯತ್ಯಾಸ ಆಗಲಿಲ್ಲ. ಆಮೇಲೆ ರೇಡಿಯೇಟರ್ ಇಳಿಸಿದೆವು. ಕೆಳಗಿನ ಕಾಲುಭಾಗ ಟ್ಯೂಬ್‌ಗಳು ಪೂರ್ತಿ ಕಟ್ಟಿಕೊಂಡಿದ್ದವು. ಕ್ಲೀನ್ ಮಾಡಿದವರು ಒಂದು ಹಿಡಿ ಬಿಳಿ ಪುಡಿ ಪೇಪರಿನಲ್ಲಿ ಕಟ್ಟಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಏನೂ ಮಾತಾಡಲಿಲ್ಲ. ಈಗ ಕೂಲಂಟ್ ಡಬ್ಬ ಅವರೇ ತಂದಿಟ್ಟಿದ್ದಾರೆ. ಕ್ಲೀನಿಂಗ್, ಕೂಲಂಟ್, ಹೊಸ ಹೋಸ್ ಸೇರಿ 1,900. ಪ್ಲಗ್ 450.

ನಿನ್ನೆ ಮಧ್ಯಾಹ್ನ ಐದು ಜನ ಹೋಗಿದ್ದೆವು. ಮುಳ್ಳು ಅರ್ಧ ದಾಟಲಿಲ್ಲ. ಕೊನೆಯ ತಿರುವಿನಲ್ಲಿ ಎರಡನೇ ಗೇರ್ ಹಾಕಿದೆ, ಅಪ್ಪ ಬೈಯ್ಯಲಿಲ್ಲ. ಶಬ್ದ ಇಲ್ಲ. ಅತ್ತಿಗೆ ಮಾತ್ರ ಹಿಂದಿನ ಬಾಗಿಲು ಲಟಲಟ ಅನ್ನುತ್ತಿದೆ ಎಂದರು. ಅದು ಇಷ್ಟು ದಿನ ಕೇಳಿಸುತ್ತಲೇ ಇರಲಿಲ್ಲ.

ಶಿರಾ ಗೇಟ್ ಹಳಬ

ಬಾಗಿಲಿನ ರಬ್ಬರ್ ಬದಲಾಯಿಸಿ. ಮೂರು ತಿಂಗಳು ಬಿಟ್ಟು ಪ್ಲಗ್ ಬಿಚ್ಚಿ ಫೋಟೋ ಹಾಕಿ, ಬಣ್ಣ ನೋಡಬೇಕು.